ಎರಡು ವೀಡ್ ಕಟ್ಟರ್, ಎರಡು ಥರದ ಎಣ್ಣೆ

ನಮ್ಮ ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್, ಅಂದರೆ ವೀಡ್ ಕಟ್ಟರ್, ಎರಡು ಇವೆ. ಹಳೆಯದು ಟೂ ಸ್ಟ್ರೋಕ್. ಆಮೇಲೆ ತಂದದ್ದು ಹೋಂಡಾ ಜಿಎಕ್ಸ್ 35 ಎಂಜಿನ್ನಿನ ಫೋರ್ ಸ್ಟ್ರೋಕ್. ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನನ್ನದೂ ಒಂದು ಪ್ರಶ್ನೆ: ಮೆಷಿನ್ ಹಿಡಿಯುವುದು ನೀವೇನಾ, ಕೆಲಸಕ್ಕೆ ಬಂದವರಾ?

ಟೂ ಸ್ಟ್ರೋಕ್‌ನಲ್ಲಿ ಎಣ್ಣೆಗೆ ಅಂತ ಬೇರೆ ಜಾಗವೇ ಇಲ್ಲ. ಪೆಟ್ರೋಲಿಗೇ ಬೆರೆಸಬೇಕು. ಆ ಮಿಶ್ರಣ ಮೊದಲು ಎಂಜಿನ್ನಿನ ಕೆಳಗಿನ ಗೂಡಿಗೆ, ಅಂದರೆ ಕ್ರ್ಯಾಂಕ್ ಕೇಸಿಗೆ ಬಂದು ಬೇರಿಂಗು, ಪಿಸ್ಟನ್ನುಗಳಿಗೆ ಎಣ್ಣೆ ಸವರಿ, ಆಮೇಲೆ ಮೇಲೆ ಹೋಗಿ ಉರಿಯುತ್ತದೆ. ಸೈಲೆನ್ಸರಿನ ಜಿಡ್ಡು, ನೀಲಿ ಹೊಗೆ ಎಲ್ಲ ಅದರದ್ದೇ. ನಮ್ಮದಕ್ಕೆ 25:1, ಅಂದರೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಲೀಟರಿಗೆ 40 ಮಿಲಿ. ಕೆಲವಕ್ಕೆ 50:1, ಬರೀ 20 ಮಿಲಿ. ಕಂಪನಿ ಪುಸ್ತಕ ನೋಡಿಯೇ ಹಾಕಿ, ಅಂದಾಜು ಬೇಡ.

ಒಂದು ಮಳೆಗಾಲ ಗಡಿಬಿಡಿಯಲ್ಲಿ ಬರೀ ಪೆಟ್ರೋಲ್ ಹಾಕಿಬಿಟ್ಟೆ. ಸ್ವಲ್ಪ ಹೊತ್ತು ಚೆನ್ನಾಗೇ ಓಡಿತು. ಆಮೇಲೆ ಸದ್ದು ಬಿಗಿಯಾಗಿ, ಗಕ್ಕನೆ ನಿಂತಿತು. ಹಗ್ಗ ಎಳೆದರೆ ಕಲ್ಲು! ಸೈಲೆನ್ಸರ್ ಬಿಚ್ಚಿ ಆ ತೂತಿನಲ್ಲಿ ಇಣುಕಿದರೆ ಪಿಸ್ಟನ್ ಮೈಮೇಲೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು. ಪಿಸ್ಟನ್, ಸಿಲಿಂಡರ್ ಎರಡೂ ಹೊಸದು ಹಾಕಿಸಬೇಕಾಯಿತು.

ಫೋರ್ ಸ್ಟ್ರೋಕ್‌ಗೆ ಈ ಬೆರೆಸುವ ಗೋಳಿಲ್ಲ. ಹೊಟ್ಟೆಯಲ್ಲಿ 10ಡಬ್ಲ್ಯು-30 ಅನ್ನುವ ದರ್ಜೆಯ ಎಂಜಿನ್ ಎಣ್ಣೆ 100 ಮಿಲಿ, ಅಷ್ಟೇ. ಒಳಗೆ ತಿರುಗುವ ರೆಕ್ಕೆ ಅದನ್ನು ಮಂಜಿನ ಹಾಗೆ ಎರಚುತ್ತದೆ. ಧರೆಯ ಇಳಿಜಾರಿನಲ್ಲಿ ಹೇಗೆ ಓರೆ ಮಾಡಿದರೂ ಓಡುತ್ತದೆ. ಆದರೆ ಅದೇ ಎಣ್ಣೆ ಸುತ್ತಿ ಸುತ್ತಿ ಕಪ್ಪಾಗುತ್ತದಲ್ವಾ? ಮೊದಲ ಸಲ 10 ಗಂಟೆ ಓಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಬದಲಿಸಬೇಕು. ಇರುವ 100 ಮಿಲಿಯಲ್ಲಿ 30 ಮಿಲಿ ಕಡಿಮೆಯಾದರೂ ಅದು ದೊಡ್ಡ ಕೊರತೆಯೇ. ಹಾಗಂತ ಸುಮ್ನೆ ತುಂಬಿಸಲೂಬಾರದು. ನಾನು ಕಂಠಮಟ್ಟ ಸುರಿದು, ಏರ್ ಫಿಲ್ಟರ್ ಎಣ್ಣೆಯಲ್ಲಿ ತೊಯ್ದು, ತೋಟವೆಲ್ಲ ಬಿಳಿ ಹೊಗೆ ಮಾಡಿದ್ದೇನೆ.

ಪೆಟ್ರೋಲ್ ಖರ್ಚು ಫೋರ್ ಸ್ಟ್ರೋಕ್‌ಗೆ ಕಡಿಮೆ. ಹೊಗೆ ಇಲ್ಲ, ಸಂಜೆ ತಲೆನೋವೂ ಇಲ್ಲ. ಹೆಗಲಿಗೆ ಹಗುರ ಮಾತ್ರ ನಮ್ಮ ಹಳೆಯದೇ. ಬೆಟ್ಟಕ್ಕೆ ನಾನು ಹೋಗುವುದಾದರೆ ಅದನ್ನೇ ಒಯ್ಯುತ್ತೇನೆ. ಬೇರೆಯವರ ಕೈಗೆ ಕೊಡುವುದು ಫೋರ್ ಸ್ಟ್ರೋಕನ್ನೇ, ಬೆಳಿಗ್ಗೆ ಎಣ್ಣೆಯ ಮಟ್ಟ ನಾನೇ ನೋಡಿ. ಮತ್ತೆ ಅದಲುಬದಲಾಗದಿರಲಿ ಅಂತ ಎಣ್ಣೆ ಬೆರೆಸಿದ ಪೆಟ್ರೋಲಿನ ಕ್ಯಾನಿಗೆ ಈಗ ಕೆಂಪು ಬಟ್ಟೆ ಕಟ್ಟಿದ್ದೇನೆ.