ಜಿಯೋಗ್ರಾಫ್ ಐರ್ಲೆಂಡ್: ಊರಿನ ಮಾಮೂಲಿ ಫೋಟೋಗಳಿಗೆ ಒಂದು ಠಾವು

ದುಡ್ಡು ಕಟ್ಟಬೇಕಿಲ್ಲ, ಲೈಕಿನ ಆಸೆಯೂ ಬೇಡ. ಜಿಯೋಗ್ರಾಫ್ ಬಗ್ಗೆ ಮೊದಲು ಹೇಳಬೇಕಾದ್ದು ಇದೇ. ಬ್ರಿಟನ್ ಮತ್ತು ಐರ್ಲೆಂಡಿನ ಪ್ರತಿ ಚದರ ಕಿಲೋಮೀಟರಿಗೂ ಒಂದಾದರೂ ಫೋಟೋ ಇರಬೇಕು ಅಂತ 2005ರಲ್ಲಿ ಶುರುವಾದ ಜಾಲತಾಣ, ಯಾರು ಬೇಕಾದರೂ ಫೋಟೋ ಹಾಕಬಹುದು. ಡಬ್ಲಿನ್ ಉತ್ತರದ ಬಾಲ್ಡಾಯ್ಲ್, ಹೌತ್ ಸುತ್ತಮುತ್ತ ಓಡಾಡಿಕೊಂಡಿರುವ ನಾನು ಇದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ.

ನಕ್ಷೆಯ ಮೇಲಿನ ಒಂದೊಂದು ಚದರ ಕಿಲೋಮೀಟರನ್ನೂ ಇಲ್ಲಿ ಒಂದು ಚೌಕ ಅಂತ ಎಣಿಸುತ್ತಾರೆ. ಈ ಚೌಕದ ನಿಯಮ ಸ್ವಲ್ಪ ಕಟ್ಟುನಿಟ್ಟು. ನೀವು ನಿಂತ ಜಾಗ, ತೆಗೆದ ವಸ್ತು ಎರಡೂ ಒಂದೇ ಚೌಕದಲ್ಲಿರಬೇಕು; ಆ ಜಾಗ ಎಂಥದ್ದು ಅಂತ ಚಿತ್ರ ನೋಡಿದವರಿಗೆ ತಿಳಿಯಬೇಕು. ಹೌತ್ ಬಂದರಿನಲ್ಲಿ ನಿಂತು ಎದುರಿನ ಐರ್ಲೆಂಡ್ಸ್ ಐ ದ್ವೀಪದ ಫೋಟೋ ಹೊಡೆಯದವರೇ ಇಲ್ಲ. ಆದರೆ ದ್ವೀಪ ಬೇರೆ ಚೌಕದಲ್ಲಿದೆ. ಹಾಗಾಗಿ ಅಂಥ ಚಿತ್ರವನ್ನು ತೆಗೆದುಕೊಂಡರೂ ಬೇರೆ ವರ್ಗಕ್ಕೆ ಹಾಕುತ್ತಾರೆ, ಚೌಕ ಮೊದಲು ತುಂಬಿಸಿದವರಿಗೆ ಸಿಗುವ ಅಂಕ ಸಿಗುವುದಿಲ್ಲ. ಬಂದರಿನ ಚೌಕಕ್ಕೆ ಬಂದರೇ ಬೇಕು: ಒಣಗಲು ಹಾಕಿದ ಬಲೆ, ಐಸ್ ಪೆಟ್ಟಿಗೆ, ಕಟ್ಟೆಯ ಪಕ್ಕ ತಲೆ ಎತ್ತಿ ನೋಡುವ ಸೀಲ್ ಪ್ರಾಣಿ. ಈ ಕಟ್ಟಳೆಯೇ ನನಗೆ ಹಿಡಿಸಿದ್ದು. ದೂರದ ಚೆಂದ ಬಿಟ್ಟು ಕಾಲಬುಡದ್ದನ್ನು ನೋಡುವ ಚಾಳಿ ಬಂತು.

ಉದಾಹರಣೆಗೆ ಇಲ್ಲಿನ ಅಂಚೆಪೆಟ್ಟಿಗೆಗಳು. ಬ್ರಿಟಿಷರ ಕಾಲದ ಕೆಂಪು ಪೆಟ್ಟಿಗೆಗಳಿಗೆ 1922ರ ನಂತರ ಹಸಿರು ಬಣ್ಣ ಬಳಿದರು, ಪೆಟ್ಟಿಗೆ ಮಾತ್ರ ಹಾಗೇ ಉಳಿಸಿಕೊಂಡರು. ಹತ್ತಿರ ಹೋದರೆ ದಪ್ಪ ಬಣ್ಣದ ಅಡಿಯಲ್ಲಿ ವಿಕ್ಟೋರಿಯಾ ರಾಣಿಯ 'ವಿ ಆರ್' ಅಕ್ಷರಗಳ ಉಬ್ಬು ಕೈಗೆ ಸಿಗುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗಲೇ ಫೋಟೋದಲ್ಲಿ ಮೂಡುವುದು. ಅದಕ್ಕೆ ಡಿಸೆಂಬರ್ ಒಳ್ಳೆಯದು. ನಡುಮಧ್ಯಾಹ್ನವೂ ಸೂರ್ಯ 13 ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ, ದಿನವಿಡೀ ಉದ್ದ ನೆರಳು. ಏನಿದ್ದರೂ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಅಷ್ಟೇ.

ಚಳಿಗಾಲದ ಇನ್ನೊಂದು ಲಾಭ ಹಕ್ಕಿಗಳು. ಗದಗದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುವಂತೆ ಇಲ್ಲಿಗೆ ಕೆನಡಾದ ಉತ್ತರ ತುದಿಯಿಂದ ಬ್ರೆಂಟ್ ಹೆಬ್ಬಾತುಗಳು ಬರುತ್ತವೆ. ಸಮುದ್ರ ಇಳಿದಾಗ ಕೆಸರಲ್ಲಿ ಮೇಯುತ್ತವೆ. ಅಲ್ಲಿ ಮೇವು ಸಾಲದಾದಾಗ ಆಟದ ಮೈದಾನಕ್ಕೇ ಹಿಂಡುಹಿಂಡಾಗಿ ಇಳಿಯುತ್ತವೆ. ಗೋಲ್ ಕಂಬದ ಮುಂದೆ ಹೆಬ್ಬಾತುಗಳ ಸಾಲು ಸಿಕ್ಕರೆ ಆ ಚೌಕದ ಗುಣ ಒಂದೇ ಚಿತ್ರದಲ್ಲಿ ಬಂದಂತೆ.

ಅಪ್‌ಲೋಡ್ ಮಾಡುವಾಗ ವಸ್ತು ಎಲ್ಲಿದೆ, ನೀವು ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ನೋಡುತ್ತಿದ್ದಿರಿ ಅಂತ ನಕ್ಷೆಯಲ್ಲಿ ಗುರುತು ಹಾಕಬೇಕು. ನಾನು ಇದನ್ನು ಲ್ಯಾಪ್‌ಟಾಪಿನಲ್ಲೇ ಮಾಡುತ್ತೇನೆ. ತಾಳ್ಮೆ ಬೇಡುವ ಕೆಲಸ. ನಡೆದು ಬಂದ ಸಂಜೆ ಸರಸರ ಹಾಕಿ ಮುಗಿಸೋಣ ಅನ್ನುವವರಿಗೆ ಇದು ಒಗ್ಗದು. ಪುಟಗಳಲ್ಲಿ ಥಳಕು ಬಳುಕೂ ಇಲ್ಲ.

ಒಮ್ಮೆ ತುಂಬಿದ ಚೌಕಕ್ಕೆ ಮತ್ತೆ ಹೋಗಬಾರದು ಅಂತೇನೂ ಇಲ್ಲ. ಹಿಂದಿನ ಚಿತ್ರಗಳಿಂದ 5 ವರ್ಷ ಕಳೆದಿದ್ದರೆ ಹೊಸದಕ್ಕೂ ಅಂಕ ಇದೆ. ನಮ್ಮ ಕಡೆಗೆ ಇದು ಬಹಳ ಮುಖ್ಯ. ಬಾಲ್ಡಾಯ್ಲ್ ಕುದುರೆ ರೇಸ್ ಮೈದಾನ 1972ರಲ್ಲಿ ಮುಚ್ಚಿತು. ಪಕ್ಕದ ಕ್ಲಾಂಗ್ರಿಫಿನ್ನಿಗೆ 2010ರಲ್ಲಿ ರೈಲು ನಿಲ್ದಾಣ ಬಂತು, ಈಗ ಸುತ್ತಲೂ ಫ್ಲ್ಯಾಟುಗಳು. ಕ್ರೇನು ನಿಂತ ಬಯಲಿನ ಫೋಟೋ ಇವತ್ತು ಯಾರಿಗೂ ಬೇಡವಾಗಿರಬಹುದು, ಆದರೆ ಕಟ್ಟಡ ಎದ್ದ ಮೇಲೆ ಅದನ್ನು ತೆಗೆಯಲು ಆಗುವುದಿಲ್ಲವಲ್ಲ.

5ಕ್ಕೆ 4 ಕೊಡುತ್ತೇನೆ. ಸೇರುವ ಮುಂಚೆ ಲೈಸೆನ್ಸ್ ಮಾತ್ರ ಓದಿಕೊಳ್ಳಿ. ಹಾಕಿದ ಚಿತ್ರವೆಲ್ಲ ಕ್ರಿಯೇಟಿವ್ ಕಾಮನ್ಸ್ ಅಡಿ ಹೋಗುತ್ತದೆ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು, ಕೊಟ್ಟ ಅನುಮತಿ ವಾಪಸ್ ಪಡೆಯಲಾಗದು. ಮನೆಮಂದಿ, ಮಕ್ಕಳು ಇರುವ ಫೋಟೋಗಳನ್ನು ನಾನಂತೂ ಹಾಕುವುದಿಲ್ಲ.