ಉದ್ದನೆಯ ಇಂಗ್ಲಿಷ್ ಪದ ಹುಡುಕಲು: ಚಂದಾ ಕಟ್ಟಿದ ಆ್ಯಪ್, ಜಾಲತಾಣ ಮತ್ತು ಗ್ರೆಪ್

ಕೊಟ್ಟ ಅಕ್ಷರಗಳೆಲ್ಲವೂ ಇರುವ, ಜೊತೆಗೆ ಬೇರೆ ಅಕ್ಷರಗಳೂ ಇರಬಹುದಾದ, ಆದಷ್ಟು ಉದ್ದನೆಯ ಇಂಗ್ಲಿಷ್ ಪದ ಬೇಕಾದಾಗ ಒಂದು ಪದಪಟ್ಟಿಯ ಕಡತವನ್ನು ಇಳಿಸಿಕೊಂಡು ಅದರ ಮೇಲೆ ಗ್ರೆಪ್ ಎಂಬ, ಬೇಕಾದ ಅಕ್ಷರಗಳಿರುವ ಸಾಲುಗಳನ್ನು ಹೆಕ್ಕಿ ಕೊಡುವ ಕಂಪ್ಯೂಟರ್ ಆದೇಶವನ್ನು ಓಡಿಸುವುದೇ ಸರಿಯಾದ ದಾರಿ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಒಂದು ವರ್ಷದ ಚಂದಾ ಕಟ್ಟಿ ಕೊಂಡ ಆ್ಯಪ್ ನನ್ನ ಕೆಲಸಕ್ಕೆ ಒದಗಲಿಲ್ಲ. ಒಂದು ರೂಪಾಯಿಯೂ ಬೇಡದ ಹಳೆಯ ಉಪಕರಣ ಒದಗಿತು.

ನಾನು ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಸೋಮವಾರಗಳಂದು ಬೋರ್ಡಿನ ಮೂಲೆಯಲ್ಲಿ ನಮ್ಮ ಕಡೆಯ ಒಂದು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಆ ಅಕ್ಷರಗಳೆಲ್ಲ ಬರುವ ಅತಿ ಉದ್ದದ ಪದವನ್ನು ಶನಿವಾರದೊಳಗೆ ತರಲು ಹೇಳುವ ರೂಢಿ ಇದೆ. ಆಳಂದ, ಜೇವರ್ಗಿ, ಚಿತ್ತಾಪುರಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ದಾರಿಯುದ್ದಕ್ಕೂ ಇದನ್ನೇ ಚರ್ಚಿಸುತ್ತಾ ಬರುತ್ತಾರೆ. ಅಂಕ ಕೊಡುವುದು ಪದದ ಉದ್ದಕ್ಕೆ. ಆದ್ದರಿಂದ ಎಷ್ಟು ಉದ್ದದವರೆಗೆ ಹೋಗಲು ಸಾಧ್ಯ ಎಂಬುದು ನನಗೆ ಮೊದಲೇ ಗೊತ್ತಿರಬೇಕು.

ಆ್ಯಪಿನ ತೊಡಕನ್ನು ಯಾದಗಿರಿಯ ಹೆಸರಿನಿಂದಲೇ ವಿವರಿಸುತ್ತೇನೆ. ಇಂಗ್ಲಿಷಿನಲ್ಲಿ ಅದು ವೈ, ಎ, ಡಿ, ಜಿ, ಐ, ಆರ್ ಎಂಬ ಆರು ಅಕ್ಷರ. ಆ್ಯಪಿನ ಮುಖ್ಯ ಚೌಕದಲ್ಲಿ ಇವನ್ನು ಹಾಕಿದರೆ, ಈ ಆರು ಅಕ್ಷರಗಳಿಂದಷ್ಟೇ ಕಟ್ಟಬಹುದಾದ ಡಯರಿ, ಡೇರಿಯಂಥ ಪುಟ್ಟ ಪದಗಳು ಬರುತ್ತವೆ. ಈ ಅಕ್ಷರಗಳು ‘ಒಳಗೊಂಡಿರಬೇಕು’ ಎಂಬ ಇನ್ನೊಂದು ಚೌಕವಿದೆ. ನಾನು ಹಣ ಕಟ್ಟಿದ್ದೇ ಆ ಚೌಕಕ್ಕಾಗಿ. ಅಲ್ಲಿ ಹಾಕಿದರೆ ಒಂದು ಪದವೂ ಬರುವುದಿಲ್ಲ. ಏಕೆಂದರೆ ಆ ಚೌಕವು ಆರೂ ಅಕ್ಷರಗಳನ್ನು ಅದೇ ಕ್ರಮದಲ್ಲಿ, ಒಂದಕ್ಕೊಂದು ಅಂಟಿಕೊಂಡಂತೆ ಹುಡುಕುತ್ತದೆ. ಅಕ್ಷರಗಳು ಎಲ್ಲಿ ಬೇಕಾದರೂ ಇರಲಿ, ನಡುವೆ ಏನು ಬೇಕಾದರೂ ಬರಲಿ, ಆದರೆ ಆರೂ ಇರಲೇಬೇಕು ಎಂಬ ಮೂರನೆಯ ಬಗೆಯ ಹುಡುಕಾಟಕ್ಕೆ ಅದರಲ್ಲಿ ಜಾಗವೇ ಇಲ್ಲ.

ಸಹಾಯವಾಣಿಗೆ ಬರೆದಾಗ, ಯಾವ ಅಕ್ಷರವಾಗಿ ಬೇಕಾದರೂ ನಿಲ್ಲುವ ಖಾಲಿ ಬಿಲ್ಲೆಗಳನ್ನು ಸೇರಿಸಿ ನೋಡಿ ಎಂಬ ಉತ್ತರ ಬಂತು. ಅಕ್ಷರದ ಬಿಲ್ಲೆಗಳಿಂದ ಮಣೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ನೂರು ಬಿಲ್ಲೆಗಳಲ್ಲಿ ಖಾಲಿ ಇರುವುದು ಎರಡು. ಈ ಆ್ಯಪ್ ಕೂಡ ಎರಡನ್ನು ಮಾತ್ರ ಬಿಡುತ್ತದೆ. ಆರಕ್ಕೆ ಎರಡು ಸೇರಿದರೆ ಎಂಟು. ಹೀಗೆ ನನಗೆ ಸಿಕ್ಕಿದ್ದು ಹೈನುಗಾರಿಕೆಯನ್ನು ಸೂಚಿಸುವ ಎಂಟು ಅಕ್ಷರದ ಡೇರಿಯಿಂಗ್. ಅದೇ ವಾರ ಸೈನ್ಸ್ ವಿಭಾಗದ ಹುಡುಗಿಯೊಬ್ಬಳು 11 ಅಕ್ಷರದ ರೇಡಿಯೋಗ್ರಫಿಯನ್ನು ಬರೆದು ತಂದಿದ್ದಳು. ಹಣ ಕೊಟ್ಟು ಕೊಂಡ ಸಾಧನ ಒಬ್ಬ ವಿದ್ಯಾರ್ಥಿನಿಯ ನೆನಪಿನಷ್ಟೂ ದೂರ ಹೋಗದಿದ್ದರೆ ಅದನ್ನು ಇಟ್ಟುಕೊಂಡು ಮಾಡುವುದೇನು?

ಇದರ ಹಿಂದೆ ಇನ್ನೊಂದು ಮಿತಿ ಇದೆ. ಸ್ಕ್ರ್ಯಾಬಲ್ ಮಣೆ 15 ಮನೆ ಉದ್ದ, 15 ಮನೆ ಅಗಲ. ಅದಕ್ಕಿಂತ ಉದ್ದದ ಪದವನ್ನು ಆ ಮಣೆಯ ಮೇಲೆ ಇಡಲಾಗದು. ಆದ್ದರಿಂದ ಆಟಕ್ಕೆಂದು ಸಿದ್ಧಪಡಿಸಿದ ಪಟ್ಟಿಗಳು 15 ಅಕ್ಷರಕ್ಕೇ ನಿಲ್ಲುತ್ತವೆ. ಬೀದರಿನ ಐದು ಅಕ್ಷರಗಳೂ ಇರುವ ಬಯೋಡಿಗ್ರೇಡಬಿಲಿಟಿಯಲ್ಲಿ 16, ಅಂಡರ್‌ಸ್ಟ್ಯಾಂಡಬಿಲಿಟಿಯಲ್ಲಿ 17 ಅಕ್ಷರಗಳಿವೆ. ಇಂಥ ಪಟ್ಟಿಯನ್ನು ನಂಬಿದ ಆ್ಯಪಿನಲ್ಲಿ ಇವೆರಡೂ ಎಂದಿಗೂ ಕಾಣಿಸುವುದಿಲ್ಲ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಪಟ್ಟಿಯಲ್ಲಿ ಎಷ್ಟು ಪದಗಳಿವೆ ಎಂಬುದಲ್ಲ, ಅತಿ ಉದ್ದದ ಪದ ಯಾವುದು ಎಂಬುದು.

ನಕ್ಷತ್ರ ಚಿಹ್ನೆ ಬಳಸಿ ಹುಡುಕುವ ಉಚಿತ ಜಾಲತಾಣಗಳು ಆ್ಯಪಿಗಿಂತ ಮೇಲು. ನಕ್ಷತ್ರವಿದ್ದಲ್ಲಿ ಎಷ್ಟು ಅಕ್ಷರಗಳು ಬೇಕಾದರೂ ಬರಬಹುದು. ಆದರೆ ಅಕ್ಷರಗಳ ಅನುಕ್ರಮವನ್ನು ನಾವೇ ಹೇಳಬೇಕು, ಆರು ಬೇರೆ ಬೇರೆ ಅಕ್ಷರಗಳನ್ನು 720 ಕ್ರಮಗಳಲ್ಲಿ ಜೋಡಿಸಬಹುದು. ಬೇಸಿಗೆಯಲ್ಲಿ ಕರೆಂಟ್ ಹೋದೊಡನೆ ವೈಫೈ ಕೂಡ ಹೋಗುವ ನಮ್ಮ ಬಡಾವಣೆಯಲ್ಲಿ ಜಾಲತಾಣವನ್ನು ನೆಚ್ಚಿಕೊಂಡು ಕೂರುವುದೂ ಕಷ್ಟ.

ಚಾಟ್‌ಬಾಟ್‌ಗಳನ್ನು ಈ ಕೆಲಸಕ್ಕೆ ಕರೆಯಬೇಡಿ. ಅವು ಪಠ್ಯವನ್ನು ಅಕ್ಷರ ಅಕ್ಷರವಾಗಿ ಅಲ್ಲ, ತುಣುಕು ತುಣುಕಾಗಿ ಓದುವುದರಿಂದ ಒಂದು ಅಕ್ಷರ ಕಡಿಮೆ ಇರುವ ಪದವನ್ನೂ ಸರಿಯೆಂದೇ ಕೊಟ್ಟುಬಿಡಬಹುದು. ಮುದ್ರಿತ ನಿಘಂಟು ಸಿಕ್ಕ ಪದದ ಅರ್ಥ ನೋಡಲು ಬೇಕೇ ಬೇಕು, ಹುಡುಕಲು ಅಲ್ಲ.

ಗ್ರೆಪ್ ಅನ್ನು ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ‌ಗಾಗಿ ಕೆನ್ ಥಾಂಪ್ಸನ್ ಬರೆದದ್ದು 1970ರ ದಶಕದ ಆರಂಭದಲ್ಲಿ. ಇಂದಿಗೂ ಪ್ರತಿ ಲಿನಕ್ಸ್ ಯಂತ್ರದಲ್ಲಿ ಅದು ಇದ್ದೇ ಇರುತ್ತದೆ. ಸಾಲಿಗೊಂದು ಪದವಿರುವ ಕಡತವನ್ನು ಕೊಟ್ಟು ವೈ ಎಂದರೆ ವೈ ಇರುವ ಸಾಲುಗಳಷ್ಟೇ ಉಳಿಯುತ್ತವೆ; ಪೈಪ್ ಎಂಬ ನಿಂತ ಗೆರೆಯನ್ನು ಹಾಕಿ ಅವನ್ನು ಎ ಹುಡುಕುವ ಮತ್ತೊಂದು ಗ್ರೆಪ್‌ಗೆ, ಅಲ್ಲಿಂದ ಡಿಗೆ, ಹೀಗೆ ಕಳಿಸುತ್ತಾ ಹೋಗಬೇಕು. ತೊಗರಿಯನ್ನು ಒಂದಾದ ಮೇಲೊಂದು ಜರಡಿಗೆ ಹಾಕಿದಂತೆ, ಕೊನೆಯಲ್ಲಿ ಉಳಿದದ್ದರಲ್ಲಿ ಆರೂ ಅಕ್ಷರಗಳಿರುತ್ತವೆ. ಅವು ಯಾವ ಕ್ರಮದಲ್ಲಿದ್ದರೂ ಸರಿ. ಆಮೇಲೆ ಆಕ್ ಎಂಬ ಆದೇಶದಿಂದ ಪ್ರತಿ ಪದದ ಮುಂದೆ ಅದರ ಉದ್ದವನ್ನು ಬರೆಸಿ, ಸಂಖ್ಯೆಯ ಕ್ರಮದಲ್ಲಿ ಜೋಡಿಸಲು ಸಾರ್ಟ್‌ಗೆ ಒಪ್ಪಿಸಿದರೆ ಅತಿ ಉದ್ದದ ಪದ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಯಾದಗಿರಿಗೆ ಹೀಗೆ ದೊರೆತದ್ದು 24 ಅಕ್ಷರದ ಎಲೆಕ್ಟ್ರೋಕಾರ್ಡಿಯೋಗ್ರಾಫಿಕಲಿ. ಇಸಿಜಿ ಎಂದರೆ ಎಲ್ಲರಿಗೂ ಗೊತ್ತಿರುವುದರಿಂದ ಮಕ್ಕಳು ಅದರ ಪೂರ್ಣ ರೂಪವನ್ನು ಬಿಡಿಸಿ ಓದಿ ಸಂತೋಷಪಟ್ಟರು.

ಪದಪಟ್ಟಿಯಾಗಿ ನಾನು ಬಳಸುವುದು ಎನೇಬಲ್ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕಡತ. 1,72,000ಕ್ಕೂ ಹೆಚ್ಚು ಪದಗಳಿದ್ದರೂ ಅದರ ಗಾತ್ರ ಸುಮಾರು ಎರಡು ಎಂಬಿ ಮಾತ್ರ. ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಜೊತೆ ಬರುವ ಪಟ್ಟಿಯಲ್ಲಿ ವ್ಯಕ್ತಿನಾಮಗಳೂ ಅಪಾಸ್ಟ್ರಫಿ ಇರುವ ರೂಪಗಳೂ ಬೆರೆತಿರುವುದರಿಂದ ಅವನ್ನು ಮೊದಲು ಸೋಸಿಕೊಳ್ಳಬೇಕಾಗುತ್ತದೆ.

ಒಂದೇ ಅಕ್ಷರ ಎರಡು ಸಲ ಬೇಕಾದಾಗ ಮಾತ್ರ ಎಚ್ಚರವಿರಬೇಕು. ಜಿ ಹುಡುಕುವ ಜರಡಿಯನ್ನು ಎರಡು ಬಾರಿ ಹಾಕಿದರೆ ಏನೂ ಬದಲಾಗದು. ಜಿ, ಚುಕ್ಕೆ, ನಕ್ಷತ್ರ, ಮತ್ತೆ ಜಿ ಎಂದು ಒಟ್ಟಿಗೇ ಬರೆಯಬೇಕು. ಗುಲ್ಬರ್ಗಾ ಎಂಬ ಹಳೆಯ ಹೆಸರಿನ ಅಕ್ಷರಗಳಿಗೆ 13 ಅಕ್ಷರದ ಅನ್‌ಫರ್ಗೆಟಬಲ್ ಹೊಂದುತ್ತದೆ, ಆದರೆ ಎರಡು ಜಿ ಬೇಕೆಂದರೆ ಅದು ಬಿದ್ದುಹೋಗಿ 12 ಅಕ್ಷರದ ಬರ್ಗ್ಲರೈಸಿಂಗ್ ಉಳಿಯುತ್ತದೆ. ಕಲಬುರಗಿ ಎಂದು ಬರೆದಾಗ ಕೆ ಸೇರಿಕೊಳ್ಳುವುದರಿಂದ ದಾರಿ ಬಹಳ ಕಿರಿದಾಗುತ್ತದೆ. ಎ ಒಮ್ಮೆ ಇದ್ದರೆ ಸಾಕೆಂದಾಗ ಬುಲ್‌ವಾರ್ಕಿಂಗ್ ಸಿಕ್ಕಿತು.

ಆದೇಶ ಬರೆಯಲು ಮನಸ್ಸಿಲ್ಲದವರು, ಎಂಟು ಅಕ್ಷರದೊಳಗಿನ ಆಟ ಆಡುವವರು ಆ್ಯಪಿನ ಉಚಿತ ಆವೃತ್ತಿಯಲ್ಲೇ ಇರಬಹುದು, ಚಂದಾ ಬೇಕಾಗಿಲ್ಲ. ನನ್ನ ಬಳಿ ಇರುವುದು ಹಳೆಯ ಲ್ಯಾಪ್‌ಟಾಪ್, ತಿಂಗಳ ಖರ್ಚಿನಲ್ಲಿ ಇದಕ್ಕೆಂದು ತೆಗೆದಿಡಲು ಹಣವಿಲ್ಲ, ಬೇಕಾಗುವುದು ವಾರಕ್ಕೊಮ್ಮೆ. ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ, ಇಂಥ ಆದೇಶಗಳನ್ನು ಓಡಿಸುವ ಆ್ಯಪ್ ಹಾಕಿಕೊಟ್ಟು ಅದೇ ಕಡತವನ್ನು ಕಳಿಸಿದ್ದೇನೆ. ಶನಿವಾರದ ಉತ್ತರ ಬಂದ ಮೇಲಷ್ಟೇ ಅದನ್ನು ತೆರೆದು ತಾಳೆ ನೋಡಬೇಕೆಂಬುದು ನಮ್ಮ ನಡುವಿನ ಒಪ್ಪಂದ.