ಕ್ರೀಮ್ ತುಂಬಿದ ಮೆತ್ತನೆಯ ಕುಕೀ: ಯಾವ ಕುಕೀಗೆ ಯಾವ ಕ್ರೀಮ್?

ಎರಡು ಕುಕೀ ನಡುವೆ ಕ್ರೀಮ್ ಇಟ್ಟು ಕಚ್ಚುತ್ತೀರಿ. ಕ್ರೀಮ್ ಪೂರ್ತಿ ಹಿಂದಿನಿಂದ ಜಾರಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ನನ್ನ ಮೊದಲ ಬ್ಯಾಚ್ ಹೀಗೇ ಆಯಿತು. ಕ್ರೀಮ್ ಸರಿ ಬಂದಿಲ್ಲ ಅಂದುಕೊಂಡು ಕ್ರೀಮ್ ಬದಲಾಯಿಸುತ್ತಲೇ ಹೋದೆ. ಆದರೆ ತಪ್ಪು ಇದ್ದದ್ದು ಕುಕೀಯಲ್ಲಿ. ಕುಕೀ ಕ್ರೀಮಿಗಿಂತ ಜಾಸ್ತಿ ಗಟ್ಟಿ ಇದ್ದರೆ, ಹಲ್ಲು ಊರಿದಾಗ ಅದು ಹರಿಯುವುದಿಲ್ಲ, ಕ್ರೀಮನ್ನು ಒತ್ತಿ ಹೊರಗೆ ತಳ್ಳುತ್ತದೆ. ಕುಕೀ ಮೊದಲೇ ಹರಿದರೆ ಕ್ರೀಮ್ ಇದ್ದಲ್ಲೇ ಇರುತ್ತದೆ.

ಇದು ಗೊತ್ತಾದ ಮೇಲೆ ಒಂದೊಂದನ್ನೇ ಬದಲಾಯಿಸಿ ಮಾಡಿ ನೋಡಿದೆ. ಪ್ರತಿಯೊಂದನ್ನೂ ಎರಡು ಸಲ ತಿಂದೆ. ಕ್ರೀಮ್ ತುಂಬಿದ ಕೂಡಲೇ ಒಮ್ಮೆ, ಮರುದಿನ ಇನ್ನೊಮ್ಮೆ. ಆ ಎರಡನೇ ಸಲ ತಿಂದದ್ದೇ ಕಣ್ಣು ತೆರೆಸಿತು.

ಎಲ್ಲಕ್ಕೂ ಒಂದೇ ಅಳತೆ ಇಟ್ಟುಕೊಂಡಿದ್ದೆ: 115 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ, 1 ಮೊಟ್ಟೆ, ಜೊತೆಗೆ 1 ಮೊಟ್ಟೆಯ ಹಳದಿ, 185 ಗ್ರಾಂ ಮೈದಾ, 1 ಚಿಕ್ಕ ಚಮಚ ಕಾರ್ನ್‌ಫ್ಲೋರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಕಾಲು ಚಮಚ ಉಪ್ಪು, ಸ್ವಲ್ಪ ವೆನಿಲ್ಲಾ. 20 ಗ್ರಾಂನ ಉಂಡೆ ಮಾಡಿದರೆ ಸುಮಾರು 26 ಬರುತ್ತವೆ. ಅಂದರೆ 13 ಜೋಡಿ. ಚಮಚದಲ್ಲಿ ಅಂದಾಜು ಮಾಡದೆ ತಕ್ಕಡಿಯಲ್ಲೇ ತೂಗಿ. ಮೈದಾ 20 ಗ್ರಾಂ ಜಾಸ್ತಿ ಆದರೂ ಕುಕೀ ಒಣಗಿಬಿಡುತ್ತದೆ.

ಮೊದಲು ಸಕ್ಕರೆ. ಬಿಳಿ ಸಕ್ಕರೆಯಲ್ಲಿ ಒಂದು ಬ್ಯಾಚ್, ಬ್ರೌನ್ ಶುಗರ್‌ನಲ್ಲಿ ಒಂದು. ಬಿಳಿ ಸಕ್ಕರೆಯದ್ದು ಅಗಲಕ್ಕೆ ಹರಡಿ, ಅಂಚು ಗರಿಗರಿಯಾಯಿತು. ಹಾಗೇ ತಿನ್ನಲು ಚೆನ್ನಾಗಿತ್ತು, ಆದರೆ ಕ್ರೀಮ್ ತುಂಬಿ ಕಚ್ಚಿದರೆ ಮತ್ತೆ ಅದೇ ಕಥೆ. ಬ್ರೌನ್ ಶುಗರ್‌ನಲ್ಲಿ ಕಾಕಂಬಿ ಇರುತ್ತದೆ. ಅದು ನೀರಿನಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕುಕೀಗಳು ಮರುದಿನವೂ ಬೆರಳಲ್ಲಿ ಒತ್ತಿದರೆ ಬಗ್ಗುತ್ತಿದ್ದವು. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ, ಬ್ರೌನ್ ಶುಗರ್‌ಗೇ ನನ್ನ ಮತ. ಅರ್ಧ ಅರ್ಧ ಹಾಕಿದರೂ ಪರವಾಗಿಲ್ಲ. ಪೂರ್ತಿ ಬಿಳಿ ಸಕ್ಕರೆ ಮಾತ್ರ ಬೇಡ.

ಬೆಣ್ಣೆಯ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಬೆಣ್ಣೆ ಕರಗಿಸಿ ಹಾಕಿದರೆ ಕುಕೀ ಒತ್ತಾಗಿ, ಅಗಿಯುವಂತೆ ಆಗುತ್ತದೆ. ನನಗೆ ಸುಮ್ನೆ ತಿನ್ನಲು ಅದೇ ಇಷ್ಟ. ಹಾಗಾಗಿ ಕ್ರೀಮಿಗೂ ಅದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅಗಿಯುವ ಕುಕೀ ಹಲ್ಲಿಗೆ ಎಳೆದುಕೊಳ್ಳುತ್ತದೆ, ಬೇಗ ಹರಿಯುವುದಿಲ್ಲ. ಅದು ಹರಿಯುವಷ್ಟರಲ್ಲಿ ಕ್ರೀಮ್ ಹೊರಗೆ. ಮೆತ್ತಗಿರುವುದೇ ಬೇರೆ, ಜಗಿಯುವಂತಿರುವುದೇ ಬೇರೆ, ಅಲ್ವಾ? ಬೆಣ್ಣೆಯನ್ನು ಕರಗಿಸದೆ, ಸಕ್ಕರೆ ಜೊತೆ 3 ನಿಮಿಷ ಬೀಟ್ ಮಾಡಿದ ಬ್ಯಾಚ್‌ನಲ್ಲಿ ಗಾಳಿ ಸೇರಿತ್ತು. ಕುಕೀ ಹಗುರವಾಗಿ, ಸ್ವಲ್ಪ ಕೇಕ್ ಹಾಗೆ ಬಂತು, ಕಚ್ಚಿದ ಕಡೆ ನೇರವಾಗಿ ಬಿಟ್ಟುಕೊಂಡಿತು. ಕ್ರೀಮ್ ತುಂಬುವುದಕ್ಕೆ ಇದೇ ಸರಿ. ಕರಗಿಸಿದ ಬೆಣ್ಣೆಯ ಕುಕೀಯನ್ನು ಒಂಟಿಯಾಗಿ ತಿನ್ನೋಣ.

ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಿಯೂ ನೋಡಿದೆ. ಕುಕೀ ಮೇಲಕ್ಕೆ ಉಬ್ಬಿ ಗುಮ್ಮಟದಂತಾಯಿತು. ಎರಡನ್ನು ಒಂದರ ಮೇಲೊಂದು ಇಟ್ಟರೆ ವಾಲುತ್ತಿತ್ತು. ಸೋಡಾದಲ್ಲಿ ಚಪ್ಪಟೆಯಾಗಿ, ಒಳ್ಳೆಯ ಬಣ್ಣದಲ್ಲಿ ಬರುತ್ತದೆ. ಹಿಟ್ಟನ್ನು ಫ್ರಿಜ್‌ನಲ್ಲಿ 45 ನಿಮಿಷ ಇಟ್ಟೇ ಉಂಡೆ ಮಾಡಿ, ಇಲ್ಲದಿದ್ದರೆ ಟ್ರೇ ತುಂಬಾ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇನ್ನು ಬೇಯಿಸುವ ಹೊತ್ತು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಇಲ್ಲೇ. ಓವನ್ 175 ಡಿಗ್ರಿ ಸೆಲ್ಸಿಯಸ್. ಒಂದೇ ಹಿಟ್ಟನ್ನು ನಾಲ್ಕು ಭಾಗ ಮಾಡಿ 8, 9, 11, 13 ನಿಮಿಷ ಬೇಯಿಸಿದೆ. 8 ನಿಮಿಷದ್ದು ಎತ್ತುವಾಗಲೇ ನಡುವೆ ಮುರಿಯಿತು, ಒಳಗೆ ಹಸಿ ಹಿಟ್ಟು. 13 ನಿಮಿಷದ್ದು ತಣ್ಣಗಾದ ಮೇಲೆ ಬಿಸ್ಕತ್ತು.

9 ನಿಮಿಷದ್ದನ್ನು ಹತ್ತಿರದಿಂದ ನೋಡಬೇಕು. ಸುತ್ತಲೂ ಕಿರುಬೆರಳಿನಷ್ಟು ಅಗಲದ ಅಂಚು ಮಾತ್ರ ಹೊಳಪು ಕಳೆದುಕೊಂಡು ಮಂಕಾಗಿರುತ್ತದೆ. ನಡುಭಾಗ ಇನ್ನೂ ಉಬ್ಬಿಕೊಂಡು, ಒದ್ದೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಬೆಂದಿಲ್ಲ ಅಂತಲೇ ಅನ್ನಿಸುತ್ತದೆ. ಇನ್ನೆರಡು ನಿಮಿಷ ಬಿಡೋಣ ಅಂತ ಕೈ ತಡೆಯುತ್ತದೆ. ಬಿಡಬೇಡಿ, ತೆಗೆಯಿರಿ. ಬಿಸಿ ಟ್ರೇ ಮೇಲೆ 5 ನಿಮಿಷ ಇದ್ದರೆ ಆ ಬಿಸಿಯಲ್ಲೇ ಒಳಗೆ ಬೇಯುತ್ತದೆ. ಉಬ್ಬಿದ್ದ ನಡು ಮೆಲ್ಲಗೆ ಇಳಿದು, ಮೇಲೆ ಸಣ್ಣ ಸುಕ್ಕುಗಳು ಮೂಡುತ್ತವೆ. ಆ ಸುಕ್ಕು ಕಂಡರೆ ಹದ ಬಂತು ಅಂತ ಅರ್ಥ. ಆಮೇಲೆ ಜಾಲರಿ ಮೇಲೆ ಹಾಕಿ ಪೂರ್ತಿ ತಣ್ಣಗಾಗಲು ಬಿಡಿ. ಸ್ವಲ್ಪ ಬೆಚ್ಚಗಿದ್ದರೂ ಕ್ರೀಮ್ ಕರಗುತ್ತದೆ.

11 ನಿಮಿಷದ್ದು ಅವತ್ತು ನನಗೆ ಹಿಡಿಸಲಿಲ್ಲ. ಅಂಚು ಗಟ್ಟಿ. ಆದರೂ ಬಿಸಾಡಲು ಮನಸ್ಸು ಬರಲಿಲ್ಲ. ಉಳಿದಿದ್ದ ಕ್ರೀಮ್ ಚೀಸ್ (ಸ್ವಲ್ಪ ಹುಳಿ ಇರುವ ಮೆತ್ತನೆಯ ಚೀಸ್) ತುಂಬಿ ಡಬ್ಬದಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟೆ. ಮರುದಿನ ತೆಗೆದರೆ ಅದೇ ಕುಕೀ ಹತ್ತಿಯ ಹಾಗೆ ಮೆತ್ತಗಾಗಿತ್ತು. ಕ್ರೀಮಿನಲ್ಲಿದ್ದ ನೀರಿನಂಶ ರಾತ್ರಿಯಿಡೀ ಕುಕೀಗೆ ಇಳಿದಿತ್ತು. ಪಕ್ಕದಲ್ಲಿದ್ದ 9 ನಿಮಿಷದ ಕುಕೀ ಅದೇ ಕ್ರೀಮ್ ಕುಡಿದು ತೀರಾ ಮೆತ್ತಗಾಗಿ, ಎತ್ತಿದರೆ ಕೈಗೆ ಅಂಟುತ್ತಿತ್ತು. ಅಲ್ಲಿಗೆ ನನ್ನ ಹೋಲಿಕೆಯ ದಾರಿಯೇ ಬದಲಾಯಿತು. ಯಾವ ಕುಕೀ ಒಳ್ಳೆಯದು, ಯಾವ ಕ್ರೀಮ್ ಒಳ್ಳೆಯದು ಅಂತ ಬೇರೆ ಬೇರೆ ಕೇಳಿ ಉಪಯೋಗವಿಲ್ಲ. ಜೋಡಿಯಾಗಿ ನೋಡಬೇಕು. ಯಾವತ್ತು ತಿನ್ನುತ್ತೀರಿ ಅನ್ನುವುದನ್ನೂ ಸೇರಿಸಿ ನೋಡಬೇಕು.

ಈಗ ಕ್ರೀಮ್‌ಗಳು. ಬಟರ್‌ಕ್ರೀಮ್‌ಗೆ 100 ಗ್ರಾಂ ಬೆಣ್ಣೆ, 200 ಗ್ರಾಂ ಐಸಿಂಗ್ ಶುಗರ್, 1 ದೊಡ್ಡ ಚಮಚ ಹಾಲು, ಒಂದು ಚಿಟಿಕೆ ಉಪ್ಪು. ಬೆಣ್ಣೆಯ ಹದವೇ ಮುಖ್ಯ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹತ್ತಬಾರದು. ಸಕ್ಕರೆ ಹಾಕುವ ಮೊದಲು ಬರೀ ಬೆಣ್ಣೆಯನ್ನೇ 4 ನಿಮಿಷ ಬೀಟ್ ಮಾಡಿ. ಹಳದಿ ಹೋಗಿ ಬಹುತೇಕ ಬಿಳಿಯಾಗುತ್ತದೆ. ಈ ಕೆಲಸವನ್ನು ಅವಸರದಲ್ಲಿ ಮುಗಿಸಿದ ಸಲ ಕ್ರೀಮ್ ಭಾರವಾಗಿ, ನಾಲಿಗೆ ಮೇಲೆ ಮೇಣದ ಹಾಗೆ ಕೂತಿತು. ಮನೆಯಲ್ಲೇ ಸಕ್ಕರೆ ಪುಡಿ ಮಾಡುವುದಾದರೆ ಎರಡು ಸಲ ಜರಡಿ ಹಿಡಿಯಿರಿ. ಒಂದು ಕಾಳು ಉಳಿದರೂ ಹಲ್ಲಿಗೆ ಸಿಗುತ್ತದೆ.

ಇದರಲ್ಲಿ ನೀರು ಕಡಿಮೆ, ಇರುವುದನ್ನೂ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕುಕೀ ಒದ್ದೆಯಾಗುವುದಿಲ್ಲ. ನೀವು ಓವನ್‌ನಿಂದ ತೆಗೆದಾಗ ಕುಕೀ ಎಷ್ಟು ಮೆತ್ತಗಿತ್ತೋ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 9 ನಿಮಿಷದ ಕುಕೀಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಗಲಿಲ್ಲ. ಕೊರತೆ ಒಂದೇ, ಸಿಹಿ ಜಾಸ್ತಿ. ಉಪ್ಪನ್ನು ಬಿಡಬೇಡಿ, 4-5 ಹನಿ ನಿಂಬೆರಸ ಹಿಂಡಿದರೆ ಇನ್ನೂ ಚೆನ್ನ. ಸೆಖೆ ಇರುವ ದಿನ ಮಾತ್ರ ಇದನ್ನು ಹೊರಗೆ ಇಡಬೇಡಿ. ಬೆಣ್ಣೆ 32-35 ಡಿಗ್ರಿಗೆ ಪೂರ್ತಿ ಕರಗುತ್ತದೆ, ಅದಕ್ಕೂ ಮೊದಲೇ ಸಡಿಲವಾಗಿ ಮೇಲಿನ ಕುಕೀ ಜಾರತೊಡಗುತ್ತದೆ.

ಕ್ರೀಮ್ ಚೀಸ್ ನನ್ನನ್ನು ತುಂಬಾ ಸತಾಯಿಸಿತು. ಮೊದಲ ಸಲ ಬ್ರೆಡ್ಡಿಗೆ ಹಚ್ಚುವ ಮೆತ್ತನೆಯ ಚೀಸ್ ತಂದು, ಐಸಿಂಗ್ ಶುಗರ್ ಸುರಿದು ಬೀಟ್ ಮಾಡಿದೆ. ಎರಡು ನಿಮಿಷದಲ್ಲಿ ಮಜ್ಜಿಗೆಯ ಹಾಗೆ ನೀರಾಯಿತು. ಗಟ್ಟಿಯಾಗಲಿ ಅಂತ ಇನ್ನಷ್ಟು ಸಕ್ಕರೆ ಹಾಕಿದೆ, ಇನ್ನಷ್ಟು ತೆಳ್ಳಗಾಯಿತು. ಕ್ರೀಮ್ ಚೀಸ್‌ನಲ್ಲಿ ಅರ್ಧಕ್ಕರ್ಧ ನೀರೇ ಇರುತ್ತದೆ, ಸಕ್ಕರೆ ಅದನ್ನು ಹೊರಗೆಳೆಯುತ್ತದೆ. ಎರಡನೇ ಸಲ ಗಟ್ಟಿ ಬಿಲ್ಲೆಯ ಚೀಸ್ ತಂದೆ, ಕ್ರಮವನ್ನೂ ತಿರುಗಿಸಿದೆ. 50 ಗ್ರಾಂ ಬೆಣ್ಣೆಯನ್ನೂ 120 ಗ್ರಾಂ ಐಸಿಂಗ್ ಶುಗರನ್ನೂ ಮೊದಲು ಚೆನ್ನಾಗಿ ಬೀಟ್ ಮಾಡಿ, ಆಮೇಲೆ ಫ್ರಿಜ್‌ನಿಂದ ಆಗ ತಾನೇ ತೆಗೆದ 100 ಗ್ರಾಂ ಚೀಸನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಸೇರಿದ ಕೂಡಲೇ ನಿಲ್ಲಿಸಿದೆ. ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ ಬಂತು.

ರುಚಿಯಲ್ಲಿ ಇದೇ ನನಗೆ ಎಲ್ಲಕ್ಕಿಂತ ಇಷ್ಟ. ಸಿಹಿಯ ಜೊತೆ ಆ ಸಣ್ಣ ಹುಳಿ ಇದೆಯಲ್ಲ, ಬ್ರೌನ್ ಶುಗರ್ ಕುಕೀಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಇದಕ್ಕೆ 11 ನಿಮಿಷ ಬೇಯಿಸಿದ ಕುಕೀಯೇ ಬೇಕು, ಒಂದು ರಾತ್ರಿ ಕಾಯಲೂ ಬೇಕು. ತುಂಬಿದ ಕೂಡಲೇ ತಿಂದರೆ ಸಪ್ಪೆ ಅನ್ನಿಸುತ್ತದೆ, ಕ್ರೀಮೂ ಜಾರುತ್ತದೆ. ಫ್ರಿಜ್‌ನಲ್ಲೇ ಇಡಿ, ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಮೂರು ದಿನದಲ್ಲಿ ಮುಗಿಸಿ.

ಮೂರನೆಯದು ಸ್ವಿಸ್ ಮೆರಾಂಗ್ ಬಟರ್‌ಕ್ರೀಮ್. ಎರಡು ಮೊಟ್ಟೆಯ ಬಿಳಿಭಾಗ, 100 ಗ್ರಾಂ ಸಕ್ಕರೆ. ಕುದಿಯುವ ನೀರಿನ ಆವಿಯ ಮೇಲೆ ಬಟ್ಟಲಿಟ್ಟು ತಿರುವುತ್ತಾ ಇರಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಸಕ್ಕರೆ ಕಾಳು ಸಿಗಬಾರದು, ಥರ್ಮಾಮೀಟರ್ 71 ಡಿಗ್ರಿ ತೋರಿಸಬೇಕು. ಆಮೇಲೆ ಬಟ್ಟಲಿನ ಹೊರಮೈ ತಣ್ಣಗಾಗುವವರೆಗೆ ಬೀಟ್ ಮಾಡಿ, 150 ಗ್ರಾಂ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕಬೇಕು. ಅರ್ಧ ಬೆಣ್ಣೆ ಹಾಕುವಷ್ಟರಲ್ಲಿ ಅದು ಹಾಲು ಒಡೆದ ಹಾಗೆ ಕಾಣುತ್ತದೆ. ನನ್ನ ಎದೆ ಧಸಕ್ಕೆಂದಿತ್ತು. ಆದರೂ ಬೀಟ್ ಮಾಡುತ್ತಲೇ ಇರಿ, ಒಂದು ಹಂತದಲ್ಲಿ ತಾನಾಗಿಯೇ ಕೂಡಿಕೊಂಡು ರೇಷ್ಮೆಯಂತಾಗುತ್ತದೆ. ತೀರಾ ನೀರಾಗಿದ್ದರೆ ಬೆಣ್ಣೆಗೆ ಬಿಸಿ ತಾಗಿದೆ ಅಂತ ಅರ್ಥ. ಬಟ್ಟಲನ್ನು 15 ನಿಮಿಷ ಫ್ರಿಜ್‌ನಲ್ಲಿಟ್ಟು ಮತ್ತೆ ಬೀಟ್ ಮಾಡಿ. ನನಗೆ ಹೀಗೆ ಮಾಡಿದ ಮೇಲೇ ಸರಿಹೋದದ್ದು.

ಕಚ್ಚಿದಾಗಿನ ಸುಖಕ್ಕೆ ಇದಕ್ಕೆ ಸಮ ಯಾವುದೂ ಇಲ್ಲ. ಸಿಹಿ ಹಿತ, ಬಾಯಲ್ಲಿಟ್ಟರೆ ಕರಗುತ್ತದೆ. ಆದರೆ 13 ಜೋಡಿ ಕುಕೀಗೆ ಪಾತ್ರೆಗಳ ರಾಶಿ, ಮುಕ್ಕಾಲು ಗಂಟೆ ಕೆಲಸ. ಬಿಡುವಿದ್ದ ದಿನ ಮಾಡುತ್ತೇನೆ, ಪ್ರತಿ ಸಲ ಆಗುವುದಿಲ್ಲ.

ಗನಾಶ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಾರ್ಕ್ ಚಾಕೊಲೇಟ್ 100 ಗ್ರಾಂ, ಬಿಸಿ ಮಾಡಿದ ಹಾಲಿನ ಕ್ರೀಮ್ 100 ಗ್ರಾಂ, ಕಲಸಿ ತಣ್ಣಗಾಗಿಸಿ ಒಂದು ನಿಮಿಷ ಬೀಟ್ ಮಾಡಿದರೆ ಸಾಕು. ಒಂದು ನಿಮಿಷ ಮೀರಿದರೆ ತರಿತರಿಯಾಗುತ್ತದೆ. ರುಚಿ ಗಾಢ, ಆದರೆ ಕುಕೀಯ ಬೆಣ್ಣೆ ವಾಸನೆ, ಬ್ರೌನ್ ಶುಗರ್ ರುಚಿ ಎಲ್ಲವನ್ನೂ ಅದೇ ನುಂಗಿಹಾಕುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಕುಕೀ ಗೊತ್ತೇ ಆಗದಿದ್ದರೆ ಹೇಗೆ?

ಕೊನೆಗೆ ಒಳಗೇ ಕ್ರೀಮ್ ಇಟ್ಟು ಬೇಯಿಸುವ ವಿಧಾನ. ಕ್ರೀಮ್ ಚೀಸ್‌ಗೆ ಸಕ್ಕರೆ ಬೆರೆಸಿ, 10 ಗ್ರಾಂನ ಉಂಡೆ ಮಾಡಿ, ಫ್ರೀಜರ್‌ನಲ್ಲಿ ಕಲ್ಲಾಗಿಸಿದೆ. ಒಂದೊಂದನ್ನೂ 35 ಗ್ರಾಂ ಹಿಟ್ಟಿನಲ್ಲಿ ಮುಚ್ಚಿ 180 ಡಿಗ್ರಿಯಲ್ಲಿ 12 ನಿಮಿಷ ಬೇಯಿಸಿದೆ. ಆರರಲ್ಲಿ ಎರಡು, ಹಿಟ್ಟು ತೆಳ್ಳಗಿದ್ದ ಕಡೆ ಬಾಯಿ ಬಿಟ್ಟವು. ಉಳಿದ ನಾಲ್ಕು ನೋಡಲು ಚೆಂದ. ಬಿಸಿಯಲ್ಲಿ ಮುರಿದರೆ ಒಳಗಿನ ಬಿಳುಪು ಕಂಡು ಖುಷಿಯೂ ಆಯಿತು. ಆದರೆ ತಣ್ಣಗಾದ ಮೇಲೆ ಆ ಚೀಸ್ ಚೀಸ್‌ಕೇಕ್ ಹಾಗೆ ಗಟ್ಟಿಯಾಯಿತು. ರುಚಿ ಇದೆ, ಕ್ರೀಮ್ ಅನ್ನುವ ಅನುಭವ ಇಲ್ಲ. ಅದೇ ಜಾಗದಲ್ಲಿ ಚಾಕೊಲೇಟ್ ಸ್ಪ್ರೆಡ್ಡನ್ನು ಫ್ರೀಜ್ ಮಾಡಿ ಇಟ್ಟರೆ ತಣ್ಣಗಾದ ಮೇಲೂ ಮೆತ್ತಗೇ ಇತ್ತು. ಅದರಲ್ಲಿ ಎಣ್ಣೆ ಜಾಸ್ತಿ, ನೀರು ಇಲ್ಲವೆಂಬಷ್ಟು ಕಡಿಮೆ. ಒಳಗೆ ತುಂಬಿ ಬೇಯಿಸಬೇಕು ಅಂತಿದ್ದರೆ ಸ್ಪ್ರೆಡ್ ಇಡಿ. ಕ್ರೀಮೇ ಬೇಕು ಅಂದರೆ ಎರಡು ಕುಕೀ ನಡುವೆಯೇ ಇಡಿ.

ಈಗ ನನ್ನ ಪದ್ಧತಿ ಇಷ್ಟು. ಅವತ್ತೇ ತಿನ್ನುವುದಾದರೆ 9 ನಿಮಿಷದ ಕುಕೀ, ಬಟರ್‌ಕ್ರೀಮ್. ನಾಳೆಗೆ ಬೇಕಾದರೆ 11 ನಿಮಿಷ, ಕ್ರೀಮ್ ಚೀಸ್. ಒಂದು ಜೋಡಿಗೆ 20 ಗ್ರಾಂ ಕ್ರೀಮ್ ಸಾಕು. ಅದನ್ನು ನಡುವೆ ಒಂದೇ ಗುಡ್ಡೆಯಾಗಿ ಹಾಕಿ, ಮೇಲಿನ ಕುಕೀಯನ್ನು ಸ್ವಲ್ಪ ತಿರುಗಿಸುತ್ತಾ ಒತ್ತಿ. ಕ್ರೀಮ್ ಅಂಚಿನ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಚಾಕುವಿನಲ್ಲಿ ಸವರಲು ಹೋದರೆ ಮೆತ್ತನೆಯ ಕುಕೀ ಕಿತ್ತುಬರುತ್ತದೆ.

ಫ್ರಿಜ್‌ನಿಂದ ತೆಗೆದ ಕೂಡಲೇ ತಿನ್ನಬೇಡಿ. ಕುಕೀಯೊಳಗಿನ ಬೆಣ್ಣೆ ಗಟ್ಟಿಯಾಗಿರುತ್ತದೆ, 20 ನಿಮಿಷ ಹೊರಗಿಡಿ. ಒಂದೇ ಸಲಕ್ಕೆ ಇಷ್ಟೊಂದು ಬೇಡ ಅಂದರೆ ಹಿಟ್ಟಿನ ಉಂಡೆಗಳನ್ನು ಫ್ರೀಜರ್‌ನಲ್ಲಿಡಿ. ಬೇಕಾದಾಗ ನಾಲ್ಕೋ ಆರೋ ತೆಗೆದು ಹಾಗೇ ಓವನ್‌ಗೆ ಹಾಕಿ, ಒಂದೆರಡು ನಿಮಿಷ ಮಾತ್ರ ಹೆಚ್ಚು ಬೇಯಿಸಿ. ಹೊತ್ತು ನೋಡುವುದಕ್ಕಿಂತ ಅಂಚಿನ ಆ ಮಂಕು, ನಡುವಿನ ಆ ಹೊಳಪು ನೋಡಿಯೇ ತೆಗೆಯಿರಿ.